ಸೌಂದರ್ಯಳ ಪಕ್ಕೆಲುಬುಗಳು

ಮಗಳ ಎಲುಬು ಮುರಿದವನು ತಾನೇ ಎಂದು ಬೆನಕಪ್ಪ ಆರು ದಿನದಿಂದ ಅನ್ನ ಬಿಟ್ಟಿದ್ದ.

ಅವರ ಜನ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಮೈ ಸೆಟೆಯುವ ಮೊದಲೇ ಗೋಡೆಗೆ ಒರಗಿಸಿ ಕೂರಿಸಿ, ಹಾಗೇ ಸಮಾಧಿಯ ಗೂಡಿಗೆ ಇಳಿಸುತ್ತಾರೆ. ಉಡುತಡಿಯ ಅಳಿಯ ಚನ್ನೇಶನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಬೆನಕಪ್ಪ ಕುಬಟೂರಿನಿಂದ ಬಂದು ನೋಡಿದರೆ ಸೌಂದರ್ಯ ಬಚ್ಚಲ ಬಾಗಿಲಲ್ಲಿ ಕಟ್ಟಿಗೆಯಂತೆ ಸೆಟೆದು ಬಿದ್ದಿದ್ದಳು. ಜಾರಿ ಬಿದ್ದಳಂತೆ.

"ನಂಗೆ ಕೈ ಬರ್ಲಿಲ್ಲ ಮಾವಾರೆ, ನೀವೇ ಕೂರ್ಸಿ" ಎಂದು ಆ ಮಹಾರಾಯ ಮೂಲೆ ಹಿಡಿದಿದ್ದ. ಬೆನಕಪ್ಪ ಮಗಳ ಬೆನ್ನಿಗೆ ಮಂಡಿ ಕೊಟ್ಟು, ಭುಜ ಹಿಡಿದು ಬಲವಾಗಿ ಬಗ್ಗಿಸಿದ. ಲಟಲಟ ಎಂದು ಒಳಗೇನೋ ಮುರಿಯಿತು.

ಮಣ್ಣಾದ ಮೇಲೆ ಪಕ್ಕದ ಮನೆಯ ಹುಲಿಗೆಮ್ಮ ಬಾಯಿ ಬಿಟ್ಟಳು. ಆ ಬೆಳಗ್ಗೆ ಒದೆಯುವ ಸದ್ದು, ಚೀರಾಟ ಕೇಳಿದ್ದಳಂತೆ. ತಹಶೀಲ್ದಾರರ ಎದುರು ಗೂಡು ಒಡೆದು ಹೆಣ ತೆಗೆದರು. ವಿಭೂತಿ ಮೆತ್ತಿದ ಮುಖ ಉಬ್ಬಿ ಬಿರಿದಿತ್ತು.

ಶಿಕಾರಿಪುರದ ಆಸ್ಪತ್ರೆಯ ಹೊರಗೆ ಚನ್ನೇಶ ಪೊಲೀಸರಿಗೆ ಅಂದ: "ಎಲ್ಬು ಮುರ್ದಿದ್ರೆ ಮುರ್ದೋರು ಮಾವಾರೇ ಸಾರ್. ಊರೋರೆಲ್ಲ ನೋಡ್ಯಾರೆ."

ಬೆನಕಪ್ಪನಿಗೆ ಅದೇ ಭಯ. ಈ ಪಾಪಿ ತಪ್ಪಿಸಿಕೊಳ್ಳುತ್ತಾನೆ, ಅದೂ ತನ್ನ ಮಂಡಿಯ ದಯದಿಂದ.

ಡಾಕ್ಟರ್ ರಕ್ಷಿತಾ ಚಾಕು ಹಿಡಿಯುವ ಮೊದಲು ಹೆಣವನ್ನು ಇಡಿಯಾಗಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಚಿತ್ರದಲ್ಲಿ ಕಂಡ ಕಡೆಯಲ್ಲೆಲ್ಲ ಕೊಯ್ದು ನೋಡಿದರು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಜೊತೆ ಬೆನಕಪ್ಪನನ್ನೂ ಒಳಗೆ ಕರೆದು ಪರದೆಯ ಮೇಲೆ ಆ ಚಿತ್ರ ತೋರಿಸಿದರು.

"ಬೆನ್ನುಮೂಳೆ ಹತ್ರ ಮುರ್ದಿರೋ ಈ ಎರಡು ನಿಮ್ಮಿಂದ ಆಗಿದ್ದು, ಯಜಮಾನ್ರೆ. ಸುತ್ತ ರಕ್ತ ಹೆಪ್ಪುಗಟ್ಟಿಲ್ಲ, ಸತ್ತ ಮೇಲಿಂದು." ಅವರ ಬೆರಳು ಎಡಕ್ಕೆ ಸರಿಯಿತು. "ಈ ಮೂರು ಒಳಗೆ ಚುಚ್ಚಿ ಶ್ವಾಸಕೋಶ ಹರಿದಿವೆ. ಎದೆ ತುಂಬ ರಕ್ತ. ಜೀವ ಇದ್ದಾಗ್ಲೇ ತುಳಿದಿದ್ದು."

ತಾನಲ್ಲ. ಬೆನಕಪ್ಪ ಆರು ದಿನದಲ್ಲಿ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟ.

"ಇಲ್ಲಿ ಗಂಟು ಗಂಟು ಕಾಣ್ತಾವಲ್ಲವ್ವ, ಇವೇನು?" ಎಂದು ಚಿತ್ರಕ್ಕೆ ಬೆರಳಿಟ್ಟ.

ಡಾಕ್ಟರ್ ಚಿತ್ರವನ್ನು ದೊಡ್ಡದು ಮಾಡಿದರು. "ಅವು ಹಳೇವು. ಮುರ್ದು ತಾವೇ ಕೂಡ್ಕೊಂಡಿವೆ. ಎರಡು ಮೂರು ತಿಂಗ್ಳಾಗಿರ್ಬೋದು."

ಅಂದರೆ ನಾಗರಪಂಚಮಿಯ ಹೊತ್ತು. ತವರಿಗೆ ಬಂದವಳು, ಅಪ್ಪ ಬೆನ್ನು ಸವರಿದರೆ ಹೌಹಾರಿ ಹಿಂದೆ ಸರಿದಿದ್ದಳು. "ಇಲ್ಲೇ ಇರ್ತೀನಪ್ಪ" ಎಂದೂ ಅಂದಿದ್ದಳು. ಅವನು ಬುದ್ಧಿ ಹೇಳಿ, ಉಂಡೆಯ ಡಬ್ಬಿ ಕೊಟ್ಟು, ಸೊರಬದಲ್ಲಿ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದ್ದ.

ಹೊರಗೆ ಚನ್ನೇಶನನ್ನು ಜೀಪಿನ ಹತ್ತಿರ ತಂದಿದ್ದರು. ಬೆನಕಪ್ಪ ನುಗ್ಗಿ ಅವನ ಕತ್ತು ಹಿಡಿದು ಬಾನೆಟ್ಟಿಗೆ ಮುಖ ಜಜ್ಜಿದ. ಒಮ್ಮೆ, ಇನ್ನೊಮ್ಮೆ, ಹಲ್ಲು ಉದುರುವ ತನಕ. ನಾಲ್ವರು ಪೊಲೀಸರು ಸೇರಿ ಬಿಡಿಸಿದರು.

"ಕೊಂದೋನು ಇವ್ನು" ಎಂದ ಬೆನಕಪ್ಪ, ತೇಕುತ್ತ. ರಕ್ತವಾದ ಎರಡೂ ಕೈ ಮುಂದೆ ಚಾಚಿದ. "ಕಳ್ಸಿದೋನು ನಾನು. ನನ್ನೂ ಹತ್ತಿಸ್ರಿ."