ಆಕಳ ಬೆನ್ನಿನ ಮೇಲೆ ಹಸಿ ಗೋಣಿ

ನಾನು ಸೆಣಬಿನ ಒಂದು ಗೋಣಿಚೀಲ. ಬಂಗಾಳದಲ್ಲಿ, ಹೂಗ್ಲಿ ನದಿಯ ದಂಡೆಯ ಒಂದು ಗಿರಣಿಯಲ್ಲಿ ನನ್ನನ್ನು ನೇಯ್ದರು. ಅದಕ್ಕೂ ಮೊದಲು ಗಿಡವಾಗಿದ್ದೆ. ಕೊಳದ ನೀರಿನಲ್ಲಿ ಕೊಳೆತು ನಾರಾದೆ, ನಾರು ನೂಲಾಯಿತು. ಐವತ್ತು ಕಿಲೊ ಹಿಡಿಯುವಂತೆ ಹೊಲಿದು, ನಡುವೆ ನೀಲಿ ಗೆರೆ ಕೊಟ್ಟು, ಬೇರೆ ಚೀಲಗಳ ಜೊತೆ ಒತ್ತಿ ಕಟ್ಟಿ ರೈಲಿಗೆ ಹಾಕಿದರು. ಕಟ್ಟು ಬಿಚ್ಚಿದ್ದು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ.

ಗೋಣಿಚೀಲಗಳು ಮನುಷ್ಯರನ್ನು ಬೆನ್ನಿನಿಂದ ಗುರುತಿಸುತ್ತವೆ. ಗಿರಣಿಯ ಹಮಾಲರ ಪೈಕಿ ಪಂಪಣ್ಣನ ಬೆನ್ನು ನನಗೆ ಹೆಚ್ಚು ಪರಿಚಿತ. ಬೇಸಿಗೆಯಲ್ಲಿ ಅವನ ಬೆವರಿಗೆ ನಾನು ಒದ್ದೆಯಾಗುತ್ತಿದ್ದೆ. ಗೋದಾಮಿನ ಒಳಗೆ ಆ ಒದ್ದೆ ಹಾಗೇ ಬಿಸಿಯಾಗಿ ಉಳಿಯುತ್ತಿತ್ತು. ಹೊರಗೆ ಲಾರಿಯ ಬಳಿ ಗಾಳಿ ತಾಗಿದರೆ ಮಾತ್ರ ಆರಿ, ಅವನಿಗೂ ನನಗೂ ತಂಪಾಗುತ್ತಿತ್ತು.

ಕೆಲವು ಸುಗ್ಗಿ ಕಳೆಯುವಷ್ಟರಲ್ಲಿ ಹಮಾಲರ ಕೊಕ್ಕೆ ಚುಚ್ಚಿ ಚುಚ್ಚಿ ನನ್ನ ಮೈಯೆಲ್ಲ ತೂತಾಯಿತು. ಭತ್ತ ಸೋರತೊಡಗಿತು. ಪಂಪಣ್ಣ ನನ್ನನ್ನು ಮನೆಗೆ ಒಯ್ಯಲು ಗುಮಾಸ್ತನನ್ನು ಕೇಳಿದ.

"ಒಯ್ಯೋ ಮಾರಾಯ. ಅದರಾಗ ಇಲಿ ಹಾಕಿದ್ರೂ ನಿಲ್ಲಂಗಿಲ್ಲ" ಎಂದ ಗುಮಾಸ್ತ.

ಪಂಪಣ್ಣನ ಹೆಂಡತಿ ಹುಲಿಗೆಮ್ಮ ನನ್ನ ಹೊಲಿಗೆ ಬಿಚ್ಚಿ ಅಗಲ ಮಾಡಿದಳು. ಚೀಲವಾಗಿದ್ದ ನಾನು ಹಾಸಿ ಹೊದಿಸುವ ತಟ್ಟು ಆದೆ. ಅವರ ಮನೆಯ ಹಿಂದೆ ತಗಡಿನ ಸೂರಿನ ಕೊಟ್ಟಿಗೆ ಇತ್ತು. ಅಲ್ಲಿ ಎರಡು ಮಿಶ್ರತಳಿಯ ಜಾನುವಾರು: ಸಕ್ಕರಿ ಎಂಬ ಕಪ್ಪುಬಿಳುಪಿನ ಆಕಳು, ಅದರ ಮಗಳು ಬೆಲ್ಲವ್ವ ಎಂಬ ಕಡಸು. ಸಕ್ಕರಿ ಕರುವಾಗಿದ್ದಾಗ ತಾಯಿ ಸತ್ತಿತ್ತಂತೆ. ಹುಲಿಗೆಮ್ಮನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಈಗ ಅದು ತುಂಬು ಗಬ್ಬ. ಈಯಲು ತಿಂಗಳಿಗಿಂತ ಹೆಚ್ಚು ಸಮಯವಿತ್ತು, ಬಿಸಿಲು ಆಗಲೇ ಬಂದಿತ್ತು.

"ಈ ಬ್ಯಾಸಗಿ ಒಂದು ದಾಟಿದ್ರ ಸಾಕು" ಎಂದು ಹುಲಿಗೆಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಏಪ್ರಿಲ್‌ನಲ್ಲಿ ಪಡುವಣದಿಂದ ಬಿಸಿಗಾಳಿ ಬೀಸತೊಡಗಿತು. ಝಳ ಒಳಗೆ ಬರಬಾರದೆಂದು ಹುಲಿಗೆಮ್ಮ ಕೊಟ್ಟಿಗೆಯ ಮೂರೂ ಕಡೆ ತಾಡಪತ್ರಿ ಕಟ್ಟಿದಳು. ನಾಲ್ಕನೆಯ ಕಡೆ ಮನೆಯ ಗೋಡೆ. ಆಮೇಲೆ ನನ್ನನ್ನು ಬಾನಿಯಲ್ಲಿ ಅದ್ದಿ ಸಕ್ಕರಿಯ ಬೆನ್ನಿಗೆ ಹೊದಿಸಿದಳು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವುದು ಆಕೆಗೆ ಗೊತ್ತಿತ್ತು. ಅದನ್ನೇ ಮಾಡಿದಳು.

ಪಂಪಣ್ಣ ಬಾಗಿಲಲ್ಲಿ ನಿಂತು ನೋಡಿದ. "ದಿನಾ ಚೀಲ ಹೊತ್ತು ಬರ್ತೀನಿ. ನನ್ನ ಬೆನ್ನಿಗೆ ಒಂದಿನ ಹಿಂಗ ಹಸಿ ಅರಿವಿ ಹಾಕಿಲ್ಲಬೇ ನೀನು."

"ನೀವೂ ಗಬ್ಬ ಆಗ್ರಿ, ಹಾಕ್ತೀನಿ."

ಮೊದಲು ಸಕ್ಕರಿಗೆ ಹಿತವಾಯಿತು. ಚರ್ಮ ಸಡಿಲವಾದದ್ದು ನನಗೆ ತಿಳಿಯಿತು. ಆದರೆ ಮುಚ್ಚಿದ ಕೊಟ್ಟಿಗೆಯಲ್ಲಿ ಗಾಳಿ ಆಡಲಿಲ್ಲ. ನಾನು ಆರಲಿಲ್ಲ, ಬಿಸಿಯಾದೆ. ಹುಲಿಗೆಮ್ಮ ಮತ್ತೆ ನೀರು ಹಾಕಿದಳು. ಅದು ಮಾಳಿಗೆಯ ಮೇಲಿನ ಟ್ಯಾಂಕಿನ ನೀರು, ಅದೂ ಬಿಸಿ. ಮೇಲೆ ತಗಡು, ಕೆಳಗೆ ಆಕಳ ಮೈ, ನಡುವೆ ನಾನು. ನನ್ನಿಂದ ಹಬೆ ಏಳುತ್ತಿತ್ತು. ಹಬೆಗೆ ಹೋಗಲು ದಾರಿ ಇರಲಿಲ್ಲ.

ಬಿಸಿಲಿನ ತಾಪಕ್ಕೆ ಸಿಕ್ಕ ಆಕಳು ಸಾಮಾನ್ಯವಾಗಿ ಮಲಗುವುದಿಲ್ಲ. ನಿಂತರೆ ಮೈಗೆ ಹೆಚ್ಚು ಗಾಳಿ ತಾಗುತ್ತದೆ ಎಂದು ನಿಂತೇ ಇರುತ್ತದೆ. ಸಕ್ಕರಿ ಎರಡು ದಿನ ಬಹುಪಾಲು ನಿಂತೇ ಇತ್ತು. ಮೆಲುಕು ಬಿಟ್ಟಿತು. ಬಾಯಿ ತೆರೆದು, ನಾಲಗೆ ಚಾಚಿ ತೇಕತೊಡಗಿತು. ಜೊಲ್ಲು ನೆಲದವರೆಗೆ ಎಳೆಯಾಗಿ ಇಳಿಯಿತು. ಮೂರನೆಯ ದಿನ ಮಧ್ಯಾಹ್ನ ಕುಸಿಯಿತು. ಅದರೊಂದಿಗೆ ನಾನೂ ನೆಲಕ್ಕೆ ಬಂದೆ.

ಪಶು ಆಸ್ಪತ್ರೆಯ ಡಾಕ್ಟರ್ ತಸ್ಲೀಮಾ ಸ್ಕೂಟರ್‌ನಲ್ಲಿ ಬಂದರು. ಜ್ವರ ನೋಡಿದರು. ನೂರಾ ಎಂಟು ಡಿಗ್ರಿ ದಾಟಿತ್ತು.

"ಇದನ್ನ ಯಾರು ಹೊದಿಸಿದ್ದು?"

"ನಾನಾ ರೀ. ತಣ್ಣಗಿರ್ಲಿ ಅಂತ."

"ಗಾಳಿ ಇಲ್ಲದ ಕಡೆ ಹಸಿ ಗೋಣಿ ಅಂದ್ರ ಕಂಬಳಿ ಇದ್ದಂಗ. ತಗೀರಿ. ಮೊದಲು ಆ ತಾಡಪತ್ರಿ ಕಿತ್ತು ಒಗೀರಿ."

ನನ್ನನ್ನು ಎಳೆದು ಮೂಲೆಗೆ ಎಸೆದರು. ಪಂಪಣ್ಣ ಕುಡಗೋಲಿನಿಂದ ಹಗ್ಗ ಕತ್ತರಿಸಿದ. ಪಕ್ಕದ ಮನೆಯಿಂದ ಟೇಬಲ್ ಫ್ಯಾನ್ ತಂದರು. ಕೊಡಗಟ್ಟಲೆ ತಣ್ಣೀರು ಸುರಿದರು. ಡಾಕ್ಟರ್ ಕುತ್ತಿಗೆಯ ನರಕ್ಕೆ ಸಲೈನ್ ಕೊಟ್ಟರು. ಮಾಡಬೇಕಾದ್ದನ್ನೆಲ್ಲ ಮಾಡಿದರು. ಹೊತ್ತು ಇಳಿಯುವ ಮುಂಚೆ ಸಕ್ಕರಿ ಸತ್ತಿತು. ಹೊಟ್ಟೆಯೊಳಗಿನ ಕರುವೂ ಹೋಯಿತು.

ಹುಲಿಗೆಮ್ಮ ಅಳಲಿಲ್ಲ. "ನಾನಾ ಕೊಂದ್ನೇನ್ರಿ, ಡಾಕ್ಟರಮ್ಮ?" ಎಂದು ಕೇಳಿದಳು.

ಡಾಕ್ಟರ್ ಸಲೈನಿನ ನಳಿಕೆ ಸುತ್ತುತ್ತಿದ್ದರು. "ಆ ಕಡಸು ಬೇವಿನ ಗಿಡದ ಕೆಳಗ ಕಟ್ರಿ" ಎಂದರು. "ಈಗಲೇ ಕಟ್ರಿ. ಅದೂ ತೇಕಾಕತ್ತೈತಿ."

ಹುಲಿಗೆಮ್ಮ ಎದ್ದಳು. ಹೋಗಿ ಬೆಲ್ಲವ್ವನ ಹಗ್ಗ ಬಿಚ್ಚಿದಳು.

ಆಮೇಲೆ ನಾನು ಬಹಳ ಕಾಲ ಆ ಮೂಲೆಯಲ್ಲೇ ಬಿದ್ದಿದ್ದೆ. ಮನೆಯಲ್ಲಿ ಮಾತು ಕಡಿಮೆಯಾಯಿತು. ಮರುವರ್ಷ ಬಿಸಿಲಿಗೆ ಮೊದಲು ಬೆಲ್ಲವ್ವ ಗಬ್ಬ ಕಟ್ಟಿದಾಗ ಪಂಪಣ್ಣ ಹೇಳಿದ: "ಮಾರಿಬಿಡೂಣು. ಇನ್ನೊಮ್ಮೆ ನೋಡಾಕ ನನ್ನ ಕೈಲೆ ಆಗಂಗಿಲ್ಲ."

"ಈ ಬ್ಯಾಸಗಿ ನೋಡಿ ಹೇಳ್ತೀನಿ."

ಆ ಬೇಸಿಗೆಗೆ ಹುಲಿಗೆಮ್ಮ ತಾಡಪತ್ರಿ ಕಟ್ಟಲಿಲ್ಲ. ತಗಡಿನ ಮೇಲೆ ಭತ್ತದ ಹುಲ್ಲು ದಪ್ಪಗೆ ಹೊದಿಸಿದಳು. ಕುಡಿಯುವ ನೀರಿನ ಬಾನಿಯನ್ನು ನೆರಳಿಗೆ ಸರಿಸಿದಳು. ಮೇವನ್ನು ಬಿಸಿಲೇರುವ ಮುಂಚೆ ಮತ್ತು ಸಂಜೆ ಹಾಕಿದಳು. ನನ್ನನ್ನು ಝಾಡಿಸಿ, ಪಡುವಣ ದಿಕ್ಕಿಗೆ ಪರದೆಯಂತೆ ತೂಗುಹಾಕಿದಳು, ಮೇಲೂ ಕೆಳಗೂ ಗಾಳಿಗೆ ಜಾಗ ಬಿಟ್ಟು. ನನಗೆ ನೀರು ಎರಚುತ್ತಿದ್ದಳು. ಬೆಲ್ಲವ್ವನ ಮೈಗೂ ನೀರು ಹಾಕಿ, ಗಾಳಿಗೆ ಆರಲು ಬಿಡುತ್ತಿದ್ದಳು. ಅದರ ಬೆನ್ನ ಮೇಲೆ ಏನನ್ನೂ ಇಡುತ್ತಿರಲಿಲ್ಲ, ಕೈಯನ್ನೂ.

ಈಗ ನನಗೆ ವಯಸ್ಸಾಗಿದೆ. ಅಂಚು ಎಳೆ ಬಿಟ್ಟು ಜಿಬುರಾಗಿದೆ. ಕಾಳು ಹಿಡಿಯಲು ಬಾರದ ತೂತುಗಳಲ್ಲಿ ಗಾಳಿ ಸಲೀಸಾಗಿ ಹಾಯುತ್ತದೆ. ಸಕ್ಕರಿಯ ಬೆನ್ನ ಮೇಲೆ ನಾನು ಹಸಿಯಾಗಿದ್ದೆ, ಇಲ್ಲೂ ಹಸಿಯಾಗಿದ್ದೇನೆ. ನನ್ನ ಗುಣ ಬದಲಾಗಿಲ್ಲ, ಜಾಗ ಬದಲಾಗಿದೆ. ಇದಕ್ಕೆ ಸಂತೋಷಪಡಬೇಕೋ ಏನೋ, ನನಗೆ ಹಾಗೇನೂ ಅನ್ನಿಸುವುದಿಲ್ಲ.

ಅದೇ ಬೇಸಿಗೆಯ ಮೇ ತಿಂಗಳ ಒಂದು ಮಧ್ಯಾಹ್ನ ಬೆಲ್ಲವ್ವ ಮುಂಗಾಲು ಮಡಚಿ ನೆಲಕ್ಕೆ ಇಳಿಯಿತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಲಿಗೆಮ್ಮ ಅದನ್ನು ಕಂಡು, ಬೂದಿ ಕೈಯಲ್ಲೇ ಓಡಿಬಂದಳು. ಮುಖದ ಹತ್ತಿರ ಬಗ್ಗಿ ನೋಡಿದಳು. ಬಾಯಿ ತೆರೆದಿರಲಿಲ್ಲ. ದವಡೆ ನಿಧಾನವಾಗಿ ಆಡುತ್ತಿತ್ತು. ಅದು ಮೆಲುಕು ಹಾಕುತ್ತಿತ್ತು.

"ಏನಾತಬೇ?" ಪಂಪಣ್ಣ ಒಳಗಿನಿಂದ ಬಂದ. ಅವನೂ ನೋಡಿದ. "ದನದ ದಲ್ಲಾಳಿ ನಾಳೆ ಬರ್ತೀನಿ ಅಂದಾನ. ಏನು ಹೇಳ್ಲಿ ಅವಂಗ?" ಎಂದ.

"ಸಣ್ಣಗ ಮಾತಾಡ್ರಿ" ಎಂದಳು ಹುಲಿಗೆಮ್ಮ. "ಎದ್ದೀತು."

ಪಂಪಣ್ಣ ಸದ್ದಾಗದಂತೆ ಒಳಗೆ ಹೋದ. ಆಕೆ ಕೊಡ ತಂದು ನನಗೆ ನೀರು ಎರಚಿದಳು. ಬಿಸಿಗಾಳಿ ನನ್ನನ್ನು ಹಾದು ಒಳಗೆ ಹೋಯಿತು.