ಬಾವಲಿಯ ಕಾಲಿನ ಗೆರೆ

ಸೆಲ್ವಿನ್ ಮೇಷ್ಟ್ರು ಮೂರು ತಿಂಗಳು ಗೋಗರೆದ ಮೇಲೆ ಅವನ ದೊಡ್ಡಪ್ಪ ತರಿಮೂಲಿ, ಶಾಲೆಗೆ ಬರಲು ಒಪ್ಪಿದ್ದ. ಮರಳಿನ ಮೇಲೆ ಬೆರಳೆತ್ತದೆ, ಬರೆದ ಗೆರೆಯನ್ನು ಮತ್ತೆ ತುಳಿಯದೆ ಚಿತ್ರ ಬರೆಯುವುದರಲ್ಲಿ ಪೆಂಟೆಕೋಸ್ಟ್ ದ್ವೀಪದ ಈ ತುದಿಯಲ್ಲಿ ಅವನ ಸರಿಸಮ ಯಾರೂ ಉಳಿದಿರಲಿಲ್ಲ. ಮುದುಕ ಕಣ್ಣು ಮುಚ್ಚುವುದರೊಳಗೆ ಆ ಚಿತ್ರಗಳು ಮಕ್ಕಳ ಕೈಗೆ ಬರಲಿ ಎಂದು ಸೆಲ್ವಿನ್‌ಗೆ ಆಸೆ. ಆಸೆಯೇನೋ ಒಳ್ಳೆಯದೇ. ಆದರೆ ಕಡಲಾಚೆಯ ಸುವಾದಲ್ಲಿ ನಾಲ್ಕು ವರ್ಷ ಗಣಿತ ಓದಿ ಬಂದವನ ಆಸೆಯ ಪಕ್ಕದಲ್ಲೇ ಜಂಬವೂ ಚಾಪೆ ಹಾಸಿಕೊಂಡು ಕೂತಿತ್ತು.

ಅವನು ಓದಿದ್ದು ಟೋಪಾಲಜಿ. ಆಕಾರವನ್ನು ಎಳೆದರೂ ಹಿಗ್ಗಿಸಿದರೂ ಬದಲಾಗದೆ ಉಳಿಯುವುದು ಯಾವುದು ಎಂದು ಕೇಳುವ ಗಣಿತ ಅದು. ಜೀವಕೋಶದೊಳಗಿನ ಎಳೆ ಗಂಟುಬೀಳುವುದನ್ನು ಅರಿಯುವವರಿಗೂ ಬೇಕು, ಊರೂರಿಗೆ ತಂತಿ ಎಳೆಯುವವರಿಗೂ ಬೇಕು. ಅದನ್ನು ಮಕ್ಕಳಿಗೆ ಹೇಳಿಕೊಡಲು ಮರಳಿನ ಚಿತ್ರಕ್ಕಿಂತ ಒಳ್ಳೆಯ ದಾರಿ ಎಲ್ಲಿದೆ? ದೊಡ್ಡಪ್ಪ ಬರುವ ದಿನವೇ ರಾಜಧಾನಿ ಪೋರ್ಟ್ ವಿಲಾದಿಂದ ಕಾಲ್ಮೆತ್ ಮೇಡಂ ಬರುವವರಿದ್ದರು. ಈ ಪಾಠ ಇಡೀ ದೇಶದ ಪುಸ್ತಕಕ್ಕೆ ಸೇರಬೇಕೋ ಬೇಡವೋ ಎಂದು ನೋಡುವವರು ಅವರೇ.

ಹಿಂದಿನ ಸಂಜೆ ಸೆಲ್ವಿನ್ ದೊಡ್ಡಪ್ಪನ ಬಾವಲಿ ಚಿತ್ರವನ್ನು ನೆನಪಿನಿಂದ ಕಾಗದಕ್ಕಿಳಿಸಿ, ಗೆರೆಗಳು ಕೂಡುವ ಜಾಗಗಳನ್ನು ಎಣಿಸಿದ. ಬೆರಳು ಒಂದು ಕೂಡುವಿಕೆಗೆ ಬಂದರೆ ಹೊರಡಲೂ ಬೇಕು. ಆದ್ದರಿಂದ ಶುರು ಮಾಡಿದ ಕಡೆ, ಮುಗಿಸಿದ ಕಡೆ ಬಿಟ್ಟು ಬೇರೆಲ್ಲೂ ಬೆಸಸಂಖ್ಯೆಯ ಗೆರೆ ಇರಕೂಡದು. ಬಾವಲಿಯ ಎರಡು ಕಿವಿಗಳಲ್ಲಿ ಬೆಸ ಬಂತು, ಸರಿ, ಶುರುವೂ ಕೊನೆಯೂ ಅಲ್ಲೇ. ಎರಡು ಕಾಲುಗಳಲ್ಲೂ ಬೆಸ ಬಂತು! ಅಂದರೆ ಈ ಚಿತ್ರವನ್ನು ಒಂದೇ ಗೆರೆಯಲ್ಲಿ ಬರೆಯುವುದು ಯಾರಿಂದಲೂ ಆಗದು. ದೊಡ್ಡಪ್ಪನ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಎದ್ದು ಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ಮರುದಿನ ಶಾಲೆಯ ಅಂಗಳದಲ್ಲಿ ನಲವತ್ತು ಮಕ್ಕಳು ಸುತ್ತ ಕೂತರು, ಮೇಡಂ ಕುರ್ಚಿಯಲ್ಲಿ. ತರಿಮೂಲಿ ಮರಳನ್ನು ಅಂಗೈಯಿಂದ ಸಮಮಾಡಿ, ಕಥೆ ಹೇಳುತ್ತ ಬೆರಳೋಡಿಸಿದ. ಬಾವಲಿಯ ಒಂದು ಕಾಲಿಗೆ ಬಂದವನು, ಹೊಟ್ಟೆಯ ಗೆರೆಯ ಮೇಲೆಯೇ ಮತ್ತೊಮ್ಮೆ ಸರ್ರನೆ ಜಾರಿ ಇನ್ನೊಂದು ಕಾಲಿಗೆ ಹೋದ.

"ದೊಡ್ಡಪ್ಪಾ, ಒಂದ್ನಿಮಿಷ!" ಎಂದ ಸೆಲ್ವಿನ್. "ಅಲ್ಲಿ ಬೆರಳು ಎರಡು ಸಲ ಹೋಯ್ತಲ್ಲ?"

ಬರೆಯುವಾಗ ಯಾರೂ ಬಾಯಿ ಹಾಕಬಾರದು ಎಂಬುದು ಅಂಬೆಗಾಲಿಡುವ ಕೂಸಿಗೂ ಗೊತ್ತು. ತಪ್ಪು ಕಂಡರೆ ಮುಗಿಯುವ ತನಕ ಕಾದು, ಮರಳು ಅಳಿಸಿ, ತಾನು ಬರೆದು ತೋರಿಸಬೇಕು. ಸೆಲ್ವಿನ್ ತೋರಿಸಲಿಲ್ಲ, ಮಾತಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹೌದು ಮಗಾ, ಎರಡು ಸಲ ಹೋಯ್ತು" ಎಂದ ಮುದುಕ. ಮೊಣಕಾಲ ಮೇಲೆ ಕೈಯೂರಿ ಎದ್ದು, ಮೇಡಂಗೆ ತಲೆಬಾಗಿಸಿ, ಹೊರಟುಹೋದ.

ಮೇಡಂ ಮಾತ್ರ ಖುಷಿಯಾದರು. "ಎಂಥಾ ಕಣ್ಣು ಮೇಷ್ಟ್ರೇ ನಿಮ್ದು!" ಎಂದರು. ಸೆಲ್ವಿನ್ ಊಟದ ಹೊತ್ತಿನ ತನಕ ಬೀಗಿದ.

ಮನೆಯಲ್ಲಿ ಅವ್ವ ಎಸ್ತರ್ ಬಿಸಿಕಲ್ಲಿನ ಮೇಲಿಂದ ತುರಿದ ಗೆಣಸಿನ ಲಪ್‌ಲಪ್ ಕಡುಬು ತೆಗೆದು ಎಲೆ ಬಿಚ್ಚುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು.

"ಅಜ್ಜಿಗೆ ಕೆಮ್ಮು ಕಲಿಸೋಕೆ ಹೋಗಿದ್ಯಂತೆ?"

"ತಪ್ಪನ್ನ ತಪ್ಪು ಅಂದೆ ಅವ್ವಾ. ಲೆಕ್ಕಾನೇ ಹಾಗೆ."

"ಆ ತಪ್ಪು ಯಾರ್ದು ಅಂತ ಕೇಳಿದ್ಯಾ? ನಿಮ್ಮಪ್ಪಂದು ಕಣೋ."

ಅವ್ವ ಹೇಳಿದಳು: ಅಪ್ಪ ಪ್ಯಾಟಿಸನ್ ಸಾಯುವ ಹಿಂದಿನ ದಿನ ಅಣ್ಣನೆದುರು ಬಾವಲಿ ಬರೆದನಂತೆ. ಕೈ ನಡುಗುತ್ತಿತ್ತು. ಎರಡು ಕಾಲುಗಳನ್ನು ಸೇರಿಸುವ ಗೆರೆ ಮರೆತ. ದಾರಿ ಕಾಣದೆ ಹೊಟ್ಟೆಯ ಗೆರೆಯ ಮೇಲೇ ವಾಪಸು ಬಂದ. ಅದೇ ಅವನ ಕೊನೆಯ ಚಿತ್ರ.

"ಸತ್ತೋರ ದಾರೀಲಿ ಕಾವಲುಗಾತಿ ಕೂತಿರ್ತಾಳಲ್ಲ, ಚಿತ್ರ ಬರ್ಸಿ ನೋಡ್ದೆ ಯಾರ್ನೂ ಒಳಗೆ ಬಿಡಲ್ಲ. ಬದುಕಿರೋರು ಹೇಗೆ ಬರೀತಾರೋ ಅವ್ಳಿಗೆ ಅದೇ ಸರಿ. ಅದಕ್ಕೇ ನಿಮ್ಮ ದೊಡ್ಡಪ್ಪ ಹನ್ನೊಂದು ವರ್ಷದಿಂದ ತಮ್ಮ ಬರ್ದ ಹಾಗೇ ಬರೀತಿದಾನೆ. ಪಾದ್ರಿಗಳು ಇದೆಲ್ಲ ಸುಳ್ಳು ಅಂತಾರೆ. ಇದ್ರೂ ಇರಬಹುದಲ್ಲ, ತಮ್ಮ ಹೊರಗೆ ನಿಲ್ಲೋದು ಬೇಡ ಅಂತ ಅವ್ನಿಗೆ."

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಸೆಲ್ವಿನ್‌ಗೆ. ಆ ಕಾವಲುಗಾತಿಯನ್ನು ಅವನು ನಂಬುತ್ತಿರಲಿಲ್ಲ. ನಂಬದವನಿಗೂ ನಾಚಿಕೆ ಮೈಯೆಲ್ಲ ಸುಟ್ಟಿತು. ಒಬ್ಬ ಮುದುಕ ಹನ್ನೊಂದು ವರ್ಷ ತನ್ನ ಹೆಸರನ್ನೇ ಪಣಕ್ಕಿಟ್ಟು ತಮ್ಮನ ತಪ್ಪು ಹೊತ್ತಿದ್ದ. ಮಗನೆಂಬವನು ಮೇಡಂ ಮೆಚ್ಚಲಿ ಎಂದು ನಲವತ್ತು ಮಕ್ಕಳೆದುರು ಅದನ್ನು ಬಯಲಿಗೆಳೆದಿದ್ದ.

ತರಿಮೂಲಿ ತೋಟದಲ್ಲಿ ಗೆಣಸಿನ ಬಳ್ಳಿಗೆ ಕೋಲು ಕೊಡುತ್ತಿದ್ದ. ಸೆಲ್ವಿನ್ ಮಣ್ಣಿನಲ್ಲೇ ಕುಸಿದು ಕೂತ.

"ಬೈಯಿ ದೊಡ್ಡಪ್ಪಾ. ಹೊಡಿ ಬೇಕಾದ್ರೆ."

"ಯಾಕೋ? ನಿನ್ನ ಲೆಕ್ಕ ಸರಿ ಇದೆ. ನಿಮ್ಮಪ್ಪ ಇದ್ದಿದ್ರೆ ಹಿಗ್ಗಿಹೋಗ್ತಿದ್ದ."

"ನೀನು ಮತ್ತೆ ಬಾ. ಹಳೇ ಥರಾನೇ ಬರಿ. ನಾನು ಬಾಯಿ ಬಿಡಲ್ಲ."

ಮುದುಕ ಬಳ್ಳಿಯನ್ನು ಕಟ್ಟಿ ಮುಗಿಸಿ ತಿರುಗಿದ. "ನಾನೊಬ್ನೇ ಬರೀವಾಗ ಅದೇ ಸರಿಯಾಗಿತ್ತು ಮಗಾ. ಈಗ ಮಕ್ಕಳು ನೋಡ್ಬಿಟ್ರು. ನಾಳೆಯಿಂದ ಬರೆಯೋರು ಅವ್ರು, ಕಾವಲುಗಾತಿಗೂ ಅವ್ರದ್ದೇ ಸರಿ."

ಮಾತು ಆಡಿದರೆ ಹೋಯಿತು. ಸೆಲ್ವಿನ್ ರಾತ್ರಿಯಿಡೀ ಮಕ್ಕಳಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿದ: ನಾನೇ ಸರಿಯಾಗಿ ನೋಡಲಿಲ್ಲ, ದೊಡ್ಡಪ್ಪ ಬರೆದದ್ದೇ ಸರಿ. ಸುಳ್ಳು ಎಷ್ಟು ದೊಡ್ಡದಾದರೂ ಹೇಳಿಯೇ ತೀರುತ್ತೇನೆ ಎಂದುಕೊಂಡ.

ಬೆಳಿಗ್ಗೆ ತರಗತಿಗೆ ಕಾಲಿಟ್ಟರೆ ನೆಲದ ಮೇಲೆ ಮರಳು ಹರಡಿತ್ತು. ಮಥಿಲ್ಡಾ ಎಂಬ ಹುಡುಗಿ ಬಾವಲಿ ಬರೆದಿದ್ದಳು. ಎರಡು ಕಾಲುಗಳ ನಡುವೆ ಪುಟ್ಟದೊಂದು ಹೊಸ ಗೆರೆ. ಸುತ್ತಲಿದ್ದವರು ಒಬ್ಬೊಬ್ಬರಾಗಿ ಅದನ್ನೇ ಕಲಿಯುತ್ತಿದ್ದರು.

"ಸಾರ್, ನೀವು ಹೇಳ್ಕೊಟ್ಟಿದ್ದ ಬೆಸ ಗೆರೆ ಲೆಕ್ಕ ಹಾಕಿದೆ! ಈ ಒಂದು ಗೆರೆ ಸೇರಿಸಿದ್ರೆ ಎಲ್ಲೂ ಎರಡು ಸಲ ಹೋಗೋದೇ ಬೇಡ. ಯಾರೋ ಇದನ್ನ ಮರ್ತಿರ್ಬೇಕು ಅಲ್ವಾ ಸಾರ್?"

ನಲವತ್ತು ಮುಖಗಳು ಅರಳಿಕೊಂಡು ಅವನನ್ನೇ ನೋಡುತ್ತಿದ್ದವು. ಜೋಡಿಸಿಟ್ಟ ಸುಳ್ಳು ನಾಲಿಗೆಯ ತುದಿಯ ತನಕ ಬಂತು.

"ಸರಿ ಇದೆ" ಎಂದ ಸೆಲ್ವಿನ್. "ಯಾರೋ ಮರೆತಿದ್ದರು."

ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಅವರಿಗೆ ಬೆನ್ನು ಮಾಡಿ ನಿಂತು, ಏನೂ ಬರೆದಿರದ ಕಪ್ಪುಹಲಗೆಯನ್ನು ಒರೆಸತೊಡಗಿದ.