ಸರ್ ಬಗ್ಗೆ ಎರಡು ಮಾತು

ಡ್ರಾಯರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಮೇಡಂ ಮೇಜಿಗೆ ಮಂಡಿ ಆನಿಸಿ ಮತ್ತೆ ಜಗ್ಗಿದರು.

“ಹಾಗಲ್ಲ ಮೇಡಂ, ಸ್ವಲ್ಪ ಎತ್ತಿ ಎಳೀಬೇಕು. ಸರ್ ಹಾಗೇ ಎಳೀತಿದ್ರು,” ಎಂದ ಅಟೆಂಡರ್. ಅವನ ಕಣ್ಣು ಕೆಂಪಾಗಿತ್ತು.

ಸಿವಿಲ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರು ನಿನ್ನೆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದವರು ಇದೇ ಮೇಜಿನ ಮೇಲೆ ಒರಗಿಬಿಟ್ಟಿದ್ದರು. ನಿವೃತ್ತಿಗೆ ನಲವತ್ತು ದಿನ ಬಾಕಿಯಿತ್ತು. ಇವತ್ತು ಹನ್ನೊಂದಕ್ಕೆ ವಿದ್ಯುತ್ ಚಿತಾಗಾರದಲ್ಲಿ ಸಮಯ ಸಿಕ್ಕಿದೆ, ಗುರುತಿನ ಚೀಟಿ ಇಲ್ಲದೆ ಅಲ್ಲಿ ಒಳಗೆ ತೆಗೆದುಕೊಳ್ಳುವುದಿಲ್ಲವಂತೆ, ಅದು ಆಫೀಸಿನ ಡ್ರಾಯರಿನಲ್ಲಿರಬೇಕು ಎಂದು ಸರ್ ಹೆಂಡತಿ ಫೋನ್ ಮಾಡಿದ್ದರು. ಇನ್ಯಾರಿಗೆ ಮಾಡುತ್ತಾರೆ? ಆ ವಿಭಾಗದಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಿದ್ದದ್ದು ಅಲ್ಲಿನ ಹಿರಿಯ ಪ್ರೊಫೆಸರ್ ಆಗಿದ್ದ ಮೇಡಂ ಒಬ್ಬರಿಗೇ.

ಚೀಟಿ ಸಿಕ್ಕಿತು. ಅದರ ಕೆಳಗಿದ್ದ ಫೈಲಿನಲ್ಲಿ ಒಂದು ಪತ್ರದ ನಕಲೂ ಸಿಕ್ಕಿತು. ಮೇಡಂ ತಾವೇ ಟೈಪ್ ಮಾಡಿದ್ದ ಪತ್ರ. ‘ನನ್ನ ನಂತರ ಈ ವಿಭಾಗವನ್ನು ಮುನ್ನಡೆಸಲು ಎಲ್ಲ ರೀತಿಯಿಂದಲೂ ಅರ್ಹರಾದವರು’ ಎಂಬಲ್ಲಿಗೆ ಟೈಪು ನಿಂತಿತ್ತು. ಮುಂದೆ ಬಿಟ್ಟಿದ್ದ ಜಾಗದಲ್ಲಿ ಸರ್ ಕೈಬರಹ. ಅಲ್ಲಿ ಮೇಡಂ ಹೆಸರಿರಲಿಲ್ಲ. ಸ್ಲೈಡಪ್ಪನ ಹೆಸರಿತ್ತು.

ಪರದೆಯ ಮೇಲೆ ಸ್ಲೈಡು ಬೀಳದಿದ್ದರೆ ಬಾಯಿ ತೆರೆಯಲಾರದ ಪ್ರೊಫೆಸರಿಗೆ ಹುಡುಗರು ಇಟ್ಟ ಹೆಸರು ಅದು. ಮೇಡಂಗಿಂತ ಎಂಟು ವರ್ಷ ಚಿಕ್ಕವನು. ಕುಲಸಚಿವರ ಕಚೇರಿಗೆ ಪತ್ರ ಮುಟ್ಟಿದ ಮೊಹರು ಕಳೆದ ವಾರದ್ದಾಗಿತ್ತು.

“ಸಿಕ್ತಾ ಮೇಡಂ?”

“ಸಿಕ್ತು,” ಎಂದರು ಮೇಡಂ.

*

ಆ ವಿಭಾಗದಲ್ಲಿ ಕಾಗದಪತ್ರ ಹುಟ್ಟುತ್ತಿದ್ದ ಕ್ರಮವೇ ಬೇರೆ. ಸರ್ ಬಾಗಿಲಲ್ಲಿ ತಲೆಹಾಕಿ, “ಮೇಡಂ, ಒಂದು ಲೆಟರ್ ಆಗ್ಬೇಕಿತ್ತಲ್ಲ,” ಅನ್ನುವರು. ಮೇಡಂ ಬರೆಯುವರು. ಹೆಸರು, ತಾರೀಖಿನ ಜಾಗ ಮಾತ್ರ ಖಾಲಿ ಬಿಡಬೇಕು. ಅದನ್ನು ಸರ್ ತಮ್ಮ ಪೆನ್ನಿನಿಂದಲೇ ತುಂಬುವರು. ಅಷ್ಟು ಮಾಡಿದರೆ ಪತ್ರವೆಲ್ಲ ತಮ್ಮದೇ ಎಂಬ ಸಮಾಧಾನ, ಪಾಪ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಮಾನ್ಯತಾ ಸಮಿತಿಗೆ ಇನ್ನೂರು ಪುಟದ ವರದಿ, ಸರ್ ಮಾಡುವ ಭಾಷಣ, ಫೇಲಾದ ಹುಡುಗರ ಅಪ್ಪಂದಿರಿಗೆ ಸಮಾಧಾನ, ಕೊನೆಗೆ ಸರ್ ಮಗಳ ಮದುವೆಯ ಕರೆಯೋಲೆಯನ್ನೂ ಬರೆದದ್ದು ಮೇಡಮ್ಮೇ.

ಶಿಫಾರಸಿನ ಪತ್ರ ಕೇಳಿದ ದಿನ ಸರ್ ಮುಖ ಕೊಟ್ಟು ಮಾತಾಡಿರಲಿಲ್ಲ. “ಚೆನ್ನಾಗಿ ಬರೀರಿ. ನಿಮಗೆ ಗೊತ್ತಲ್ಲ,” ಅಂದಿದ್ದರು. ಇನ್ನಾರ ಬಗ್ಗೆ ಇದ್ದೀತು? ಮೇಡಂ ಒಂದಿಡೀ ಸಂಜೆ ಕೂತು, ನಾಚುತ್ತ ನಾಚುತ್ತಲೇ ತಾವು ಮಾಡಿದ್ದೆಲ್ಲವನ್ನೂ ಬರೆದರು. ಮೂಲೆಗುಂಪಾಗಿದ್ದ ಪ್ರಯೋಗಾಲಯವನ್ನು ಎಬ್ಬಿಸಿ ನಿಲ್ಲಿಸಿದ್ದು, ಹೊಸ ಪಠ್ಯಕ್ರಮ, ಹಿಂದುಳಿದವರಿಗೆ ಸಂಜೆಯ ಪಾಠ. ಇಷ್ಟನ್ನೂ ಬರೆದ ಮೇಲೆ ತಮ್ಮ ಹೆಸರನ್ನು ತಾವೇ ಟೈಪ್ ಮಾಡಲು ಸಂಕೋಚವಾಯಿತು. ಎಂದಿನಂತೆ ಖಾಲಿ ಬಿಟ್ಟರು.

*

ಚಿತಾಗಾರದ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ಡೀನ್ ಓಡೋಡಿ ಬಂದರು.

“ಸದ್ಯ, ಬಂದ್ರಲ್ಲ ಮೇಡಂ! ಸರ್ ಬಗ್ಗೆ ಎರಡು ಮಾತು ಬರೆದುಕೊಡಿ. ಹೊಸ ಹೆಡ್ ಓದ್ತಾರೆ.”

“ಹೊಸ ಹೆಡ್ಡಾ?”

“ನಿನ್ನೆ ಸಂಜೇನೇ ಆರ್ಡರ್ ಆಯ್ತು. ಪರೀಕ್ಷೆ ಹತ್ರ ಬಂತು, ಕುರ್ಚಿ ಖಾಲಿ ಬಿಡೋಕಾಗುತ್ತಾ? ಆ ಶಿಫಾರಸಿನ ಪತ್ರ ಇದೆಯಲ್ಲ, ಅದೇನ್ ಬರೆದಿದ್ರು ರೀ ಸರ್! ಓದಿದ ಮೇಲೆ ಇನ್ನೊಂದು ಹೆಸರೇ ಚರ್ಚೆಗೆ ಬರಲಿಲ್ಲ.”

ಮೇಡಂ ಗುರುತಿನ ಚೀಟಿಯನ್ನು ಅವರ ಕೈಗಿಟ್ಟರು. ಡೀನ್ ದನಿ ತಗ್ಗಿಸಿದರು.

“ನಾನೇ ಕೇಳಿದ್ದೆ, ಮೇಡಂ ಅಲ್ವಾ ಸೀನಿಯರ್ರು ಅಂತ. ಸರ್ ಏನಂದ್ರು ಗೊತ್ತಾ? ‘ಅವರನ್ನ ಕುರ್ಚಿ ಮೇಲೆ ಕೂರಿಸಿದ್ರೆ ಕೆಲಸ ಯಾರ್ರೀ ಮಾಡೋದು?’ ಅಂದ್ರು. ಅಷ್ಟು ನಂಬಿಕೆ ನಿಮ್ಮ ಮೇಲೆ!”

ಇರುವೆ ಕಟ್ಟಿದ ಹುತ್ತಕ್ಕೆ ಹಾವು ಸೇರುವುದು ಲೋಕಾರೂಢಿ. ಆದರೆ ಇರುವೆಯ ಕೈಯಿಂದಲೇ ಹಾವಿಗೆ ಕರೆಯೋಲೆ ಬರೆಸಿದ್ದನ್ನು ಯಾರೂ ಕೇಳಿರಲಾರರು. ಅಷ್ಟರಲ್ಲಿ ಸ್ಲೈಡಪ್ಪ ಪ್ಯಾಡು, ಪೆನ್ನು ಹಿಡಿದು ಬಂದ. “ನಿಮಗೆ ಐದು ನಿಮಿಷದ ಕೆಲಸ ಮೇಡಂ.”

“ನಾನು ಬರೆಯಲ್ಲ.”

“ದುಃಖ ಅರ್ಥ ಆಗುತ್ತೆ...”

“ದುಃಖ ಅಲ್ಲ ರೀ, ಸಿಟ್ಟು. ನೀವೇ ಮಾತಾಡಿ. ಹೆಡ್ ಅಲ್ವಾ?”

ಆಕೆ ಸರ್ ಹೆಂಡತಿಯ ಪಕ್ಕ ಹೋಗಿ ಬೆಂಚಿನ ಮೇಲೆ ಕುಳಿತರು. ಆ ಹೆಂಗಸು ಮೇಡಂ ಕೈ ಹಿಡಿದುಕೊಂಡರು.

“ಮನೇಲಿ ಇವರು ಮಾತೇ ಆಡ್ತಿರಲಿಲ್ಲ ಕಣಮ್ಮ. ಊಟ ಆಯ್ತಾ, ಬಾಗಿಲು ಹಾಕಿದ್ಯಾ, ಅಷ್ಟೇ. ನಲವತ್ತು ವರ್ಷ ಜೊತೆಗಿದ್ದೂ ಇವರು ಎಂಥವರು ಅಂತ ನನಗೆ ಗೊತ್ತಾಗ್ಲಿಲ್ಲ. ಕಿವೀನೂ ಮಂದ ಆಗಿದೆ ಈಗ. ಇವತ್ತು ನಿಮ್ಮೋರ ಬಾಯಲ್ಲಾದ್ರೂ ಕೇಳ್ತೀನಿ.”

*

ಆರು ವರ್ಷದ ಹಿಂದೆ ಒಬ್ಬ ಬಿಲ್ಡರ್ ಕಾಂಕ್ರೀಟಿನ ಕ್ಯೂಬುಗಳನ್ನು ವಿಭಾಗಕ್ಕೆ ಪರೀಕ್ಷೆಗೆ ಕಳಿಸಿದ್ದ. ಯಂತ್ರದಲ್ಲಿಟ್ಟು ಅದುಮಿದರೆ ಒಣರೊಟ್ಟಿಯ ಹಾಗೆ ಪುಡಿಯಾದವು. ಬಿಲ್ಡರ್ ಮೇಲಿನವರ ನೆಂಟ. ವರದಿಯಲ್ಲಿ ಅಂಕಿ ತಿದ್ದಿಕೊಡಿ ಎಂದು ಮೇಲಿನಿಂದಲೇ ಫೋನ್ ಬಂತು. ಮೇಡಂ ಆ ವಾರ ಜ್ವರದಿಂದ ಮನೆಯಲ್ಲಿದ್ದರು. ವಾಪಸ್ ಬಂದು ನೋಡಿದರೆ ಫೈಲಿನಲ್ಲಿ ಸರ್ ತಾವೇ ಬರೆದ ಉತ್ತರ. ಹದಿನಾಲ್ಕು ವರ್ಷದಲ್ಲಿ ಅದೊಂದೇ. ‘ಈ ಕಾಂಕ್ರೀಟಿಗೆ ಬಲ ಸಾಲದು. ಇದರ ಮೇಲೆ ಮನೆ ಕಟ್ಟಿದರೆ ಜನ ಸಾಯುತ್ತಾರೆ, ನಾನು ಸಹಿ ಹಾಕುವುದಿಲ್ಲ.’

ಆ ವರ್ಷ ಸರ್‌ಗೆ ಬರಬೇಕಿದ್ದ ಡೀನ್ ಹುದ್ದೆ ಬರಲಿಲ್ಲ. ಏಕೆಂದು ಮೇಡಂ ಬಿಟ್ಟರೆ ವಿಭಾಗದಲ್ಲಿ ಯಾರಿಗೂ ತಿಳಿಯಲಿಲ್ಲ. “ನೀವಿದ್ದಿದ್ರೆ ಇನ್ನೂ ಚೆನ್ನಾಗಿ ಬರೀತಿದ್ರಿ,” ಎಂದಷ್ಟೇ ಹೇಳಿ ಸರ್ ಕ್ಲಾಸಿಗೆ ಹೋಗಿದ್ದರು.

*

ಸ್ಲೈಡಪ್ಪ ಹೆಣದ ತಲೆಯ ಕಡೆ ನಿಂತ.

“ಸರ್... ಬಹಳ ಒಳ್ಳೆಯವರು.” ಎದುರಿಗಿದ್ದ ಬಿಳಿ ಗೋಡೆಯನ್ನು ನೋಡಿದ. “ಟೈಮಿಗೆ ಸರಿಯಾಗಿ ಬರ್ತಿದ್ರು.” ಮತ್ತೆ ಗೋಡೆಯನ್ನೇ ನೋಡಿದ. “ಶಿಸ್ತು... ತುಂಬಾ ಇತ್ತು.”

ಅಲ್ಲಿಗೆ ಸರಕು ಮುಗಿಯಿತು. ಯಾರೋ ಕೆಮ್ಮಿದರು. ಇಪ್ಪತ್ತು ವರ್ಷ ಜೊತೆಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಎಲ್ಲರೂ ಮೇಡಂ ಕಡೆ ತಿರುಗಿದರು.

ಕ್ಯೂಬುಗಳ ಕತೆ ಮೇಡಂ ನಾಲಿಗೆಯ ತುದಿಯಲ್ಲಿತ್ತು. ಎದ್ದು ನಿಂತರೆ ಸಾಕು, ಅದೇ ಬರುತ್ತಿತ್ತು. ಈ ಮನುಷ್ಯ ನನ್ನ ಬದುಕು ತಿಂದ ಎಂದು ಒಳಗೇ ಹೇಳಿಕೊಂಡರು. ಏಳಲಿಲ್ಲ. ಹೇಳಲಿಲ್ಲ.

“ಮುಗೀತಾ ಸಾರ್?” ಕುಲುಮೆಯ ಕೆಲಸದವನು ಕೇಳಿದ.

“ಮುಗೀತು,” ಎಂದರು ಡೀನ್.

ಕಬ್ಬಿಣದ ಬಾಗಿಲು ಮೇಲೆದ್ದಿತು, ಹಲಗೆ ಒಳಗೆ ಸರಿಯಿತು, ಬಾಗಿಲು ಇಳಿಯಿತು. ಜನ ಕಾರಿನ ಕೀಲಿ ಹುಡುಕತೊಡಗಿದರು. ಬೆಂಚಿನ ಮೇಲೆ ಸರ್ ಹೆಂಡತಿ ಮಾತ್ರ ಕಿವಿಯ ಹಿಂದೆ ಅಂಗೈಯನ್ನು ಬಟ್ಟಲಾಗಿಸಿ, ಯಾರೋ ಈಗ ಶುರುಮಾಡುತ್ತಾರೆಂದು ಮುಂದಕ್ಕೆ ಬಾಗಿ ಕುಳಿತೇ ಇದ್ದರು.